ಸೋಂಪಿನ ದಂಟಿನ ಕೆಂಡ

ದೇವರಿಂದ ಕದ್ದು ತಂದ ಬೆಂಕಿಯ ಬಿಸಿ ಮನುಷ್ಯರ ಅಂಗೈಯಲ್ಲಿ ಇನ್ನೂ ಆರಿರದ ಕಾಲದಲ್ಲಿ, ಲೆಮ್ನೋಸ್ ದ್ವೀಪದ ನಿಕಿಪ್ಪೆ ಎಂಬ ತಾಯಿ ಸೋಂಪಿನ ಟೊಳ್ಳು ದಂಟೊಂದನ್ನು ಹೊದಿಕೆಯೊಳಗೆ ಮುಚ್ಚಿಕೊಂಡು ಕಡಲ ದಂಡೆಯಲ್ಲಿ ನಿಂತಿದ್ದಳು. ದಂಟಿನೊಳಗೆ ಅವಳ ಒಲೆಯ ಕೆಂಡವಿತ್ತು. ವರ್ಷಕ್ಕೊಮ್ಮೆ ದ್ವೀಪದ ಒಲೆಗಳೆಲ್ಲ ಆರಬೇಕು, ದೇಲೋಸ್ ಎಂಬ ಪವಿತ್ರ ದ್ವೀಪದಿಂದ ಹಡಗು ಹೊಸ ಬೆಂಕಿ ತರಬೇಕು. ಒಂದೇ ಒಂದು ಮನೆಯಲ್ಲಿ ಹಳೆಯದು ಉಳಿದರೂ ಹಡಗು ದಡ ಮುಟ್ಟದು. ಈಗ ಅದು ಬಂದೂ ಬಾರದಂತೆ ಮುಸ್ಸಂಜೆಯ ನೀರಿನಲ್ಲಿ ಸುತ್ತುತ್ತಿತ್ತು.

"ಯಾವಳೋ ಬೆಂಕಿ ಬಚ್ಚಿಟ್ಟಿದಾಳೆ ಕಣೇ," ಎಂದಳು ನೆರೆಮನೆಯ ಗ್ಲುಕೇರ. "ಕೂಸಿಗೆ ಹಸಿ ಹಿಟ್ಟು ನೆನೆಸಿ ತಿನ್ನಿಸಿ ಸಾಕಾಯ್ತು. ನಿನಗೇನಮ್ಮ, ಒಂದೇ ಹೊಟ್ಟೆ!"

ನಿಕಿಪ್ಪೆ ಮುಖ ತಿರುಗಿಸಿ ದಂಟಿನ ಬಾಯಿಗೆ ಮೆಲ್ಲಗೆ ಊದಿದಳು. ಕೆಂಡ ಕೆಂಪಾಯಿತು. ಪಕ್ಕದ ಬಂಡೆಯ ಮೇಲೆ, ಕಳೆದ ಚಳಿಗಾಲದಲ್ಲಿ ಸತ್ತ ಮಗಳು ಫಿಲಿನ್ನ ನೆರಳಾಗಿ ಮೂಡಿದಳು. ತಾನು ಬೆಳೆದ ಒಲೆಯ ಬೆಂಕಿ ಇರುವವರೆಗೂ ಅವಳು ಸತ್ತವರ ಲೋಕಕ್ಕೆ ಹೋಗಲಾರಳು. "ಬೆಂಕಿ ಆರಿಸೋ ದಿನ ನನ್ನ ಕಳಿಸಿಬಿಡ್ತೀಯ ತಾನೇ, ಅವ್ವಾ?" ಎಂದು ಸಾಯುವಾಗ ಕೇಳಿದ್ದಳು. ತಾಯಿ ಹೂಂ ಎಂದು ಮಾತು ಕೊಟ್ಟಿದ್ದಳು.

"ಇಲ್ಲಿ ಯಾರೂ ನನ್ನ ಮಾತಾಡಿಸಲ್ಲ, ಅಲ್ಲಿ ಒಳಗೆ ಬಿಡಲ್ಲ," ಎಂದಿತು ನೆರಳು. "ನಿಂತೂ ನಿಂತೂ ಕಾಲು ನೋಯ್ತಿದೆ, ಅವ್ವಾ."

"ಇನ್ನೊಂದು ಗಳಿಗೆ, ನನ್ನ ಬಂಗಾರ."

"ಯಾರ ಹತ್ರ ಮಾತಾಡ್ತಿದೀಯೇ?" ಗ್ಲುಕೇರ ಬೆಚ್ಚಿ ಹಿಂದೆ ಸರಿದಳು.

ನಿಕಿಪ್ಪೆ ಮೊಣಕಾಲುದ್ದ ನೀರಿಗಿಳಿದು ದಂಟನ್ನು ಬೋರಲು ಮಾಡಿದಳು. ಕೆಂಡ ಚುರ್ರೆಂದಿತು. ಬಂಡೆಯ ಕಡೆ ತಿರುಗಿ ನೋಡುವ ಧೈರ್ಯ ಮಾತ್ರ ಅವಳಿಗೆ ಬರಲಿಲ್ಲ.