ಹಿತ್ತಲಲ್ಲಿ ಸ್ಪ್ಯಾನಿಷ್

ಬಾಲಮುರುಗನ್ ತನ್ನ ಮನೆಯಲ್ಲೇ ಕಳ್ಳನ ಹಾಗೆ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹಿತ್ತಲ ಬಾಗಿಲ ಹಿಂದೆ ನಿಂತಿದ್ದ. ಹೊರಗೆ ಮಗಳು ತೇನ್‌ಮೊಳಿಯ ದನಿ. ಏನೋ ಒಂದು ಮಾತು ಹೇಳುತ್ತಾಳೆ, ನಿಲ್ಲಿಸುತ್ತಾಳೆ. ಮತ್ತೆ ಅದನ್ನೇ ಬಿಡಿಸಿ ಬಿಡಿಸಿ ಹೇಳುತ್ತಾಳೆ. ತಮಿಳಲ್ಲ. ಕನ್ನಡವಂತೂ ಅಲ್ಲವೇ ಅಲ್ಲ.

ಇಣುಕಿದ. ಮಲ್ಲಿಗೆ ಮೊಗ್ಗಿನ ರಾಶಿಯ ಮುಂದೆ ಮಗಳು, ಕೈಯಲ್ಲಿ ಫೋನು. ಪಕ್ಕದಲ್ಲಿ ಹೂ ಕಟ್ಟುತ್ತಾ ಅವನ ಅವ್ವ ಕಮಲಮ್ಮಾಳ್. ಅವ್ವನ ಬಾಯಿ ಆಡುತ್ತಲೇ ಇತ್ತು. ವೀಳ್ಯವಿಲ್ಲದ ಅವ್ವನ ಬಾಯನ್ನು ಅವನು ಯಾವತ್ತು ಕಂಡಿದ್ದ? ಅವನ ನೆರಳು ಬಿದ್ದದ್ದೇ ತಡ, ಹಿತ್ತಲು ಗಪ್‌ಚಿಪ್ ಆಯಿತು.

ತಮಿಳುನಾಡಿನ ನಿಲಕ್ಕೋಟ್ಟೈ ಹೂವಿನ ಮಾರ್ಕೆಟ್ಟಿನಲ್ಲಿ ಅವನ ಅಂಗಡಿ. ಮದುರೆ ವ್ಯಾಪಾರಿಗಳ ಮುಂದೆ ಗುಟ್ಟು ಆಡಬೇಕಾದಾಗ ಇವರ ಕಡೆಯವರೆಲ್ಲ ಸಲೀಸಾಗಿ ಮನೆಮಾತು ಕನ್ನಡಕ್ಕೆ ಇಳಿಯುತ್ತಾರೆ. ಎದುರಿಗಿದ್ದವರು ಪಿಳಿಪಿಳಿ ಕಣ್ಣು ಬಿಡುತ್ತಾರೆ. ಆ ಕನ್ನಡದಿಂದ ಎಷ್ಟು ಜನರ ಕಿವಿಗೆ ಬೀಗ ಹಾಕಿದ್ದನೋ ಏನೋ. ಈಗ ಅವನ ಮನೆಯಲ್ಲೇ ಅವನ ಕಿವಿಗೆ ಬೀಗ ಬಿದ್ದಿತ್ತು. ಮೈ ಉರಿಯದೆ ಇರುತ್ತದೆಯೇ?

ಕೇಳಿದ. ಮಗಳು ಮುಚ್ಚಿಡಲಿಲ್ಲ. ಸ್ಪ್ಯಾನಿಷ್ ಎಂದಳು, ಮದುರೆ ಕಾಲೇಜಿನಲ್ಲಿ ಕಲಿತದ್ದು ಎಂದಳು. ಸ್ಪೇನಿಗೆ ಹೋಗುವ ಯೋಚನೆಯೋ ಎಂದು ಗದರಿದರೆ, ಅವನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು: "ನಾನು ಎಲ್ಲಿಗೂ ಹೋಗಲ್ಲಪ್ಪಾ. ಸತ್ಯವಾಗ್ಲೂ."

ಸತ್ಯವಂತೆ! ಹಾವು ಕಚ್ಚಿದವನಿಗೆ ಹಗ್ಗ ಕಂಡರೂ ಭಯ. ಹನ್ನೆರಡು ವರ್ಷದ ಹಿಂದೆ, ಕೊಡೈಕಾನಲ್‌ನಲ್ಲಿ ಕೆಲಸಕ್ಕಿದ್ದ ಅವನ ತಂಗಿ ತಮಿಳರಸಿಯೂ ಎಲ್ಲಿಗೂ ಹೋಗುವುದಿಲ್ಲ ಎಂದೇ ಹೇಳಿದ್ದಳು. ಆಮೇಲೆ ಒಬ್ಬ ಸ್ಪೇನಿನವನ ಕೈಹಿಡಿದು ಹೊರಟೇಹೋದಳು. ಅವಳಿಗೆ ಮಗು ಹುಟ್ಟಿದ ಸುದ್ದಿ ಬಂದಾಗಲೂ ಬಾಲಮುರುಗನ್ ಕರಗಲಿಲ್ಲ. ಈ ಮನೆಯಲ್ಲಿ ಅವಳ ಹೆಸರು ಎತ್ತಕೂಡದೆಂದು ಕಟ್ಟಪ್ಪಣೆ ಮಾಡಿದ. ಅವ್ವ ಒಂದು ದಿನ ಅತ್ತಳು, ಆಮೇಲೆ ಆ ಹೆಸರು ಎತ್ತಲಿಲ್ಲ.

ಈಗ ತೇನ್‌ಮೊಳಿಗೆ ತೇವಾರಂ ಊರಿನ ದ್ರಾಕ್ಷಿ ತೋಟದವರ ಮನೆಯಲ್ಲಿ ಸಂಬಂಧ ಗೊತ್ತಾಗಿದೆ. ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ಮದುವೆ. ತಾಯಿಯಿಲ್ಲದ ಮಗಳು, ಅವನಿಗಿರುವ ಒಂದೇ ಒಂದು ಕುಡಿ. ಇವಳೂ ಹೋದರೆ ಅವನಿಗೆ ಉಳಿಯುವುದೇನು?

ಸಂಶಯಕ್ಕೆ ಮೇವು ತಾನಾಗಿ ಸಿಕ್ಕುತ್ತದೆ. ಒಂದು ಮಧ್ಯಾಹ್ನ ಮಗಳ ಮಾತು ಗೋಡೆಯಾಚೆಯಿಂದ ಸ್ಪಷ್ಟವಾಗಿ ಕೇಳಿತು: "ಇಲ್ಲಿ ಕೂತು ಎಷ್ಟು ಕಲಿತರೂ ಅಷ್ಟೇ. ಅಲ್ಲಿ ಹೋಗಿ ಮೂರು ತಿಂಗಳು ಇದ್ದರೆ ನಾಲಗೆ ತಾನಾಗಿ ತಿರುಗುತ್ತೆ." ಭಾಷೆ ಕಲಿಯಲು ಯಾರಾದರೂ ದೇಶ ಬಿಟ್ಟು ಹೋಗುತ್ತಾರೆಯೇ? ಅಲ್ಲಿ ಯಾವನೋ ಕಾದಿದ್ದಾನೆ ಎಂದು ಅವನಿಗೆ ಖಾತ್ರಿಯಾಯಿತು.

ಮರುವಾರ ಪಕ್ಕದ ಮನೆಯ ಮುನಿಯಮ್ಮಾಳ್ ಇನ್ನೊಂದು ಸುದ್ದಿ ತಂದಳು. ಅವನು ಮಾರ್ಕೆಟ್ಟಿನಲ್ಲಿದ್ದಾಗ ಪಾಸ್‌ಪೋರ್ಟ್ ವಿಚಾರಣೆಗೆ ಪೊಲೀಸಿನವನು ಬಂದಿದ್ದನಂತೆ. ಆ ಮನೆಯ ಹೆಂಗಸು ಅಪ್ಪಟ ಚಿನ್ನ ಎಂದು ಇವಳೇ ಸಾಕ್ಷಿ ಹೇಳಿ ಕಳಿಸಿದಳಂತೆ. ಬಾಲಮುರುಗನ್ ಹಲ್ಲು ಕಚ್ಚಿಕೊಂಡ.

ಬೀರು ತೆರೆದರೆ ಬತ್ತಲಗುಂಡು ಪೇಟೆಯ ಅಂಗಡಿಯ ಹೊಸ ಸ್ವೆಟರ್. ತೇನ್‌ಮೊಳಿಗೆ ದೊಗಳೆ, ಒಳಗೆ ಇನ್ನೊಬ್ಬಳು ತೂರಬಹುದು. ಚಳಿ ದೇಶಕ್ಕೆ ಒಂದರ ಮೇಲೊಂದು ತೊಡಲು ಇರಬೇಕು ಎಂದುಕೊಂಡ. ಅದರ ಕೆಳಗೆ ಸೂಟ್‌ಕೇಸ್. ಅಷ್ಟು ಹೊತ್ತಿಗೆ ಅವ್ವನ ಕೊರಳಲ್ಲಿದ್ದ ಎರಡೆಳೆ ಸರವೂ ಮಾಯ. ಮುದುಕಿಯೂ ಶಾಮೀಲು! ಬೇಲಿಯೇ ಎದ್ದು ಹೊಲ ಮೇಯುತ್ತಿದೆ.

ಅವ್ವನನ್ನು ಹಿಡಿದು ನಿಲ್ಲಿಸಿ ಕೇಳಿದ, ಇದೆಲ್ಲ ಎಲ್ಲಿಯವರೆಗೆ ಬಂದಿದೆ ಎಂದು. ಕಮಲಮ್ಮಾಳ್ ಹೂವಿನ ದಾರ ಕಚ್ಚಿ ಹರಿದಳು. ಮುಖ ಎತ್ತಲಿಲ್ಲ.

"ಓಗೋಳು ಓಗೇ ಓಗ್ತಾಳೆ, ರಾಸಾ. ತಿರ್ಗಾ ಬರೋ ದಾರಿ ಮಾತ್ರ ನೀನು ಮುಚ್ಬ್ಯಾಡ. ಒಂದು ಕಿತ ಮುಚ್ಚಿದ್ದು ಸಾಕು."

ಮೊಮ್ಮಗಳ ಪರ ವಕಾಲತ್ತು ಎಂದು ಅವನು ಮುಖ ತಿರುಗಿಸಿದ. ಅಂದಿನಿಂದ ಮಗಳ ಮೇಲೆ ಕಣ್ಣಿಟ್ಟ. ಅವಳು ನೀರು ತರಲು ಎದ್ದರೂ ಇವನೂ ಎದ್ದ.

ದೀಪಾವಳಿ ಬರುವ ಐಪ್ಪಸಿ ತಿಂಗಳ ಒಂದು ಬೆಳಿಗ್ಗೆ, ಮಾರ್ಕೆಟ್ಟು ಇನ್ನೂ ಬಿರುಸಾಗಿರುವಾಗ ಮುನಿಯಮ್ಮಾಳ್ ಫೋನ್ ಮಾಡಿದಳು. ಮನೆ ಮುಂದೆ ಬಾಡಿಗೆ ಕಾರು ನಿಂತಿದೆ, ಸೂಟ್‌ಕೇಸ್ ಏರಿಸುತ್ತಿದ್ದಾರೆ, ಮದುರೆ ಏರ್‌ಪೋರ್ಟಿಗಂತೆ. ತಕ್ಕಡಿಯಲ್ಲಿದ್ದ ಕನಕಾಂಬರವನ್ನು ಹಾಗೇ ಬಿಟ್ಟು ಬಾಲಮುರುಗನ್ ಬೈಕು ಹತ್ತಿದ. ತಂಗಿ ಹೋದ ದಿನವೂ ಅವನು ಹೀಗೇ ಓಡಿ ಬಂದಿದ್ದ. ಅಂದು ತಡವಾಗಿತ್ತು.

ಇಂದು ಆಗಲಿಲ್ಲ. ಹೊರಟಿದ್ದ ಕಾರಿಗೆ ಬೈಕು ಅಡ್ಡ ಹಾಕಿದ. ಕಪ್ಪು ಗಾಜಿನ ಹಿಂಬಾಗಿಲನ್ನು ಸೆಳೆದು ತೆರೆಯುವಾಗಲೇ ಮಾತು ಬಾಯಿಂದ ಬಿದ್ದಿತ್ತು.

"ಇಳಿಯೇ ಕೆಳಗೆ. ನಿಮ್ಮತ್ತೆ ಚಾಳೀನೇ ನಿಂಗೂ ಬಂತಾ?"

"ಅಪ್ಪಾ, ನಾನು ಇಲ್ಲಿದ್ದೀನಿ."

ದನಿ ಬೆನ್ನ ಹಿಂದಿನಿಂದ ಬಂದಿತ್ತು. ತಿರುಗಿದ. ಮನೆಯ ಮೆಟ್ಟಿಲ ಮೇಲೆ, ಮನೆಯಲ್ಲುಡುವ ಬಟ್ಟೆಯಲ್ಲಿ, ಬರಿಗಾಲಲ್ಲಿ ತೇನ್‌ಮೊಳಿ ನಿಂತಿದ್ದಳು. ಮರೆತುಹೋದದ್ದನ್ನು ಕೊಡಲು ಓಡಿಬಂದಿದ್ದಳು. ಕೈಯಲ್ಲಿ ಎಲೆಯಡಿಕೆ ಕುಟ್ಟುವ ಹಿತ್ತಾಳೆಯ ಕುಟ್ಟಾಣಿ.

ಕಾರಿನೊಳಗೆ, ಆ ಬಿಸಿಲಲ್ಲೂ ಸ್ವೆಟರಿನ ಗುಂಡಿಯನ್ನು ಕೊರಳತನಕ ಹಾಕಿಕೊಂಡು ಕೂತಿದ್ದ ಕಮಲಮ್ಮಾಳ್ ಮಗನ ಕೈ ಹಿಡಿದುಕೊಂಡಳು: "ತಮಿಳರಸಿ ಮಗಂಗೆ ಆ ಮಾತು ಬಿಟ್ರೆ ಬ್ಯಾರೆ ಬರಾಕಿಲ್ವಂತೆ, ರಾಸಾ. ಮೂರು ತಿಂಗ್ಳು ಅಲ್ಲೇ ಇದ್ದು ಕಲ್ತ್ಕೊಂಡು ಮದ್ವೆಗೆ ಬತ್ತೀನಿ. ಒಬ್ಳೇ ಬರಾಕಿಲ್ಲ."