ಮಾಲತೇಶನ ಸಿಟ್ಟು ಮತ್ತು ಒಂದು ಹಳೇ ಹಾರ್ಡ್ ಡಿಸ್ಕ್

ಎರಡು ನಿಮಿಷ ಬಿಡುವು ಮಾಡಿಕೊಂಡು ಓದಿ... ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ಓಡಾಡುವವರಂತೂ ತಪ್ಪದೆ ಓದಿ...

ಹುಬ್ಬಳ್ಳಿಯಲ್ಲಿ ಮಾಲತೇಶ ಬಣಕಾರ ಅಂತ ಒಬ್ಬ ಅನಿಮೇಷನ್ ಕಲಾವಿದ. ಕೈಯಲ್ಲಿ ಕಲೆ ಇತ್ತು... ಬಾಯಿ ಮಾತ್ರ ಕೇಳಲೇಬೇಡಿ.

ಕಿವಿ ಕೇಳದ ಮಕ್ಕಳ ಶಾಲೆಯೊಂದಕ್ಕೆ ಅವನು ಹದಿನಾಲ್ಕು ನಿಮಿಷದ ಕಾರ್ಟೂನ್ ಸಿನಿಮಾ ಮಾಡುತ್ತಿದ್ದ. ಅದರಲ್ಲಿ ನರಿ, ಮಂಗ, ಕರಡಿ ಎಲ್ಲವೂ ಕೈಸನ್ನೆಯಲ್ಲೇ ಮಾತಾಡುತ್ತವೆ.

ಎಂಟು ತಿಂಗಳ ಕೆಲಸ. ಒಂದೊಂದು ಬೆರಳಿನ ಚಲನೆಯನ್ನೂ ಬಿಡಿಬಿಡಿಯಾಗಿ ಕೂಡಿಸಿದ್ದ. ತಿಂಗಳ ಕೊನೆಯ ಶನಿವಾರ ಶಾಲೆಯಲ್ಲಿ ತೋರಿಸಬೇಕಿತ್ತು... ಮಕ್ಕಳು ದಿನ ಎಣಿಸುತ್ತಿದ್ದರು.

ಆದರೆ ಅವನ ಕಂಪ್ಯೂಟರಿನ ಹಳೇ ಹಾರ್ಡ್ ಡಿಸ್ಕ್ ತೆವಳುತ್ತಿತ್ತು. ಒಂದು ದೃಶ್ಯ ತೆರೆದುಕೊಳ್ಳುವಷ್ಟರಲ್ಲಿ ಚಹಾ ಕುಡಿದು ಮುಗಿಯುತ್ತಿತ್ತು. ಆಸಾಮಿಗೆ ಗೇಮ್ ಹುಚ್ಚು ಬೇರೆ...

ಸರಿ, ಹಾರ್ಡ್ ಡಿಸ್ಕಿಗಿಂತ ಎಷ್ಟೋ ಪಟ್ಟು ವೇಗದ ಎಸ್‌ಎಸ್‌ಡಿ ಹಾಕಿಸೋಣವೆಂದು ಫರ್ಜಾನಾ ಮುಲ್ಲಾ ಅವರ ಕಂಪ್ಯೂಟರ್ ಅಂಗಡಿಗೆ ಹೋದ. ಐವತ್ತು ದಾಟಿದ ಹೆಣ್ಣುಮಗಳು. ಸಿಟ್ಟಿನಲ್ಲಿ ಅವರೇನೂ ಇವನಿಗಿಂತ ಕಡಿಮೆ ಇರಲಿಲ್ಲ.

"ಅಕ್ಕಾರ, ಎಲ್ಲಾಕಿಂತ ಫಾಸ್ಟ್ ಇರೋ ಎಸ್‌ಎಸ್‌ಡಿ ಕೊಡ್ರಿ. ಕೆಲಸಕ್ಕೂ ಗೇಮಿಗೂ ಅದೊಂದ ಸಾಕು. ಹಳೇ ಹಾರ್ಡ್ ಡಿಸ್ಕ್ ಎಕ್ಸ್‌ಚೇಂಜ್‌ಗೆ ತಗೋರಿ."

"ಎಸ್‌ಎಸ್‌ಡಿ ತಗೋರಿ, ಬ್ಯಾಡ ಅನ್ನೂದಿಲ್ಲ. ಕೆಲಸ ಮಾಡಾಕ ಅದ ಬೇಕು. ಆದ್ರ ಮಾಡಿದ್ದನ್ನ ಜ್ವಾಪಾನ ಇಡಾಕ ಒಂದು ಹಾರ್ಡ್ ಡಿಸ್ಕ್ ಇರ್ಲಿ ಸರ. ಗೇಮಿಗೆ ಬ್ಯಾರೆ ಸಣ್ಣದೊಂದು ಹಾಕ್ಕೋರಿ. ಎಲ್ಲಾ ಒಂದರಾಗ ತುರುಕಬ್ಯಾಡ್ರಿ."

ಇಷ್ಟೇ ಹೇಳಿದ್ದು. ಮಾಲತೇಶನಿಗೆ ಪಿತ್ತ ನೆತ್ತಿಗೇರಿತು.

"ನಿಮ್ಮ ಸ್ಟಾಕ್ ಖಾಲಿ ಮಾಡಾಕ ನಾನ ಸಿಕ್ಕೇನೇನ್ರೀ? ಹದಿನೈದು ವರ್ಷದಿಂದ ಅನಿಮೇಷನ್ ಮಾಡಾಕತ್ತೀನಿ. ನನಗ ಕಲಸ್ತೀರಿ?"

ಅಂಗಡಿ ತುಂಬ ಗಿರಾಕಿಗಳು. ಎಲ್ಲರೆದುರೇ ಅಂದ. ಹಳೇದರಲ್ಲಿದ್ದದ್ದನ್ನೆಲ್ಲ ಹೊಸ ಎಸ್‌ಎಸ್‌ಡಿಗೆ ಇಳಿಸಿಕೊಂಡ. ಹಳೇ ಡಿಸ್ಕನ್ನು ಕೌಂಟರ್ ಮೇಲೆ ಕುಕ್ಕಿ ಹೋದ.

ಅಷ್ಟಕ್ಕೇ ಸಮಾಧಾನ ಆಗಲಿಲ್ಲ... ಮನೆಗೆ ಹೋಗಿ ಆನ್‌ಲೈನ್‌ನಲ್ಲಿ ಅಂಗಡಿಗೆ ಒಂದೇ ಸ್ಟಾರ್ ಕೊಟ್ಟು, ಬಾಯಿಗೆ ಬಂದದ್ದನ್ನೆಲ್ಲ ಬರೆದ.

ಮೂರು ವಾರ ಕೆಲಸ ಗಾಳಿಯಂತೆ ಓಡಿತು. ಸಿನಿಮಾ ಮುಗಿಯಿತು. ಆ ಖುಷಿಗೆ ಹೊಸ ಗೇಮ್ ಹಾಕಲು ಕೂತ... ಜಾಗ ಸಾಲಲಿಲ್ಲ.

ಸಿನಿಮಾದ ಫೋಲ್ಡರ್ ಎರಡು ಕಡೆ ಕಂಡಿತು. ಒಂದು ಕಾಪಿ ಇರಬೇಕು ಅಂದುಕೊಂಡು ಇನ್ನೊಂದನ್ನು ಪೂರ್ತಿ ಅಳಿಸಿಯೇಬಿಟ್ಟ. ಗೇಮ್ ಹಾಕಿದ. ಮನಸಾರೆ ಆಡಿದ.

ಮರುದಿನ ಮಂಗಳವಾರ. ಸಿನಿಮಾ ತೆರೆದರೆ ಏನೂ ಇಲ್ಲ... ಉಳಿದದ್ದು ಕಾಪಿ ಅಲ್ಲ, ಬರೀ ಶಾರ್ಟ್‌ಕಟ್. ಮನೆ ಕೆಡವಿ, ಮನೆಯ ವಿಳಾಸ ಇಟ್ಟುಕೊಂಡಿದ್ದ ಪುಣ್ಯಾತ್ಮ.

ತಪ್ಪು ತನ್ನದೆಂದು ಒಪ್ಪುವ ಜೀವವೇ ಅದು? ಕಂಪ್ಯೂಟರ್ ಎತ್ತಿಕೊಂಡು ಸೀದಾ ಅಂಗಡಿಗೆ ನುಗ್ಗಿದ.

"ಎಂಥಾ ಡ್ರೈವ್ ಕೊಟ್ಟೀರಿ? ಎಂಟು ತಿಂಗಳ ಕೆಲಸ ನುಂಗಿ ಕುಂತೈತಿ. ಶನಿವಾರ ಆ ಕಿವಿ ಕೇಳಲಾರದ ಮಕ್ಕಳಿಗೆ ಯಾವ ಸಿನಿಮಾ ತೋರಸ್ಲಿ? ನಿಮ್ಮ ಮಾರಿ ತೋರಸ್ಲಿ?"

ಫರ್ಜಾನಾ ಕಂಪ್ಯೂಟರ್ ಹಚ್ಚಿ ನೋಡಿದರು. ಕಾಲು ಗಂಟೆ... ಆಮೇಲೆ ಕನ್ನಡಕ ತೆಗೆದಿಟ್ಟರು.

"ಡ್ರೈವ್ ಗಟ್ಟಿ ಐತಿ. ಅಳಿಸಿದವ್ರು ನೀವು, ಅದರ ಮ್ಯಾಲೆ ಗೇಮ್ ಹಾಕಿದವ್ರೂ ನೀವು. ಎಸ್‌ಎಸ್‌ಡಿಯಾಗ ಹಿಂಗ ಅಳಿಸಿದ್ದು ಹೊಳ್ಳಿ ಬರೂದಿಲ್ಲ."

ಅವರ ದನಿ ಏರಿತು. "ನನಗ ಬೈದದ್ದಕ್ಕ ಸಿಟ್ಟಿಲ್ಲ ನನಗ. ಕಿವಿ ಕೇಳಲಾರದ ಕೂಸುಗೋಳ ಸಿನಿಮಾ ಅದು. ಅದಕ್ಕ ಎರಡನೇ ಕಾಪಿ ಇಡಲಿಲ್ಲಲ್ಲ ನೀವು, ಅದಕ್ಕ ಮೈ ಉರಿಯಾಕತ್ತೈತಿ."

ಮಾಲತೇಶ ಅಲ್ಲೇ ಸ್ಟೂಲಿನ ಮೇಲೆ ಕೂತ. ಶನಿವಾರಕ್ಕೆ ಉಳಿದದ್ದು ನಾಲ್ಕೇ ದಿನ.

ಫರ್ಜಾನಾ ಒಳಗೆ ಹೋಗಿ ಏನನ್ನೋ ತಂದು ಅವನ ಮುಂದಿಟ್ಟರು... ಅವನದೇ ಹಳೇ ಹಾರ್ಡ್ ಡಿಸ್ಕ್.

"ಎಕ್ಸ್‌ಚೇಂಜ್‌ಗೆ ಬಂದ ಡಿಸ್ಕ್, ಗಿರಾಕಿ 'ಎಲ್ಲಾ ನೋಡ್ಕೊಂಡೀನಿ, ಅಳಸ್ರಿ' ಅನ್ನೂತನಕ ನಾ ಅಳಸೂದಿಲ್ಲ, ಮಾರೂದೂ ಇಲ್ಲ. ನಿಮ್ಮನ್ನ ಕೇಳಾಕ ಮೂರು ಸಲ ಫೋನ್ ಹಚ್ಚಿದ್ನಿ. ಎರಡು ಸಲ ಕಟ್ ಮಾಡಿದ್ರಿ. ಮೂರನೇ ಸಲ ಬ್ಲಾಕ್ ಮಾಡಿದ್ರಿ."

ಹೌದು... ಮಾಡಿದ್ದ. ರಿವ್ಯೂ ತೆಗೆಸಲು ಗೋಗರೆಯುತ್ತಾಳೆ ಅಂದುಕೊಂಡು ಮಾಡಿದ್ದ.

"ನಾ ಬರದಿದ್ದು... ಓದಿದ್ರೇನ್ರಿ ಅಕ್ಕಾರ?"

"ಓದಿದ್ನಿ. ಎರಡು ದಿನ ಊಟ ಸೇರ್ಲಿಲ್ಲ."

"ಆದ್ರೂ ಅಳಸ್ಲಿಲ್ಲ?"

"ನಿಮ್ಮ ಮ್ಯಾಲಿನ ಸಿಟ್ಟನ್ನ ನಿಮ್ಮ ಕೆಲಸದ ಮ್ಯಾಲೆ ತೀರಿಸ್ಕೊಳ್ಲೇನು? ಅದೇನ್ ಮಾಡೇತ್ರಿ ನನಗ?"

ಮಾಲತೇಶ ಅಂಗಡಿಯಲ್ಲಿದ್ದ ಗಿರಾಕಿಗಳ ಎದುರೇ ಗಳಗಳನೆ ಅತ್ತುಬಿಟ್ಟ.

ಡಿಸ್ಕಿನಲ್ಲಿ ಹನ್ನೊಂದು ನಿಮಿಷದ ಸಿನಿಮಾ ಹಾಗೇ ಇತ್ತು. ಎಸ್‌ಎಸ್‌ಡಿ ಕೊಂಡ ಮೇಲೆ ಮಾಡಿದ ಮೂರು ನಿಮಿಷ ಮಾತ್ರ ಹೋಗಿತ್ತು. ಒಮ್ಮೆ ಮಾಡಿದ್ದೇ ಆದ್ದರಿಂದ, ಹಗಲು ರಾತ್ರಿ ಕೂತರೆ ನಾಲ್ಕು ದಿನದಲ್ಲಿ ಮುಗಿಯುವಂಥದ್ದು.

"ತಪ್ಪಾತ್ರಿ ಅಕ್ಕಾರ..." ಎಂದು ಕೈ ಮುಗಿಯಲು ಹೋದ.

"ಕೈ ಇಳಸ್ರಿ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಮೊದಲ ಎರಡು ಕಾಪಿ ಮಾಡ್ರಿ. ಕ್ಷಮಾ ಗಿಮಾ ಶನಿವಾರ ಆದಮ್ಯಾಲೆ ಕೇಳ್ರಿ."

ಶನಿವಾರ ಸಿನಿಮಾ ನಡೆಯಿತು. ಮುಗಿದಾಗ ಮಕ್ಕಳೆಲ್ಲ ಎರಡೂ ಕೈ ಮೇಲೆತ್ತಿ ಅಲ್ಲಾಡಿಸಿದರು... ಅದು ಅವರ ಚಪ್ಪಾಳೆ. ಮಾಲತೇಶ ಹೊರಗೆ ಬಂದು ಆ ನಂಬರ್ ಅನ್‌ಬ್ಲಾಕ್ ಮಾಡಿ ಫೋನ್ ಹಚ್ಚಿದ.

ಫರ್ಜಾನಾ ಮೊದಲ ರಿಂಗಿಗೇ ಎತ್ತಿದರು.

ಸಿಟ್ಟು ಎಲ್ಲರಿಗೂ ಬರುತ್ತದೆ... ಅದನ್ನು ಇನ್ನೊಬ್ಬರ ದುಡಿಮೆಯ ಮೇಲೆ ತೀರಿಸಿಕೊಳ್ಳದವರೇ ದೊಡ್ಡವರು.

ಈಗ ನಿಮ್ಮ ಫೋನ್ ತೆಗೆದು ನೋಡಿ... ನೀವು ಬ್ಲಾಕ್ ಮಾಡಿದ ನಂಬರುಗಳಲ್ಲಿ, ನಿಮ್ಮ ಒಳ್ಳೆಯದಕ್ಕೇ ಕರೆ ಮಾಡಿದವರು ಎಷ್ಟು ಜನ ಇದ್ದಾರೆ?