ಗೂಡಿನ ಸುತ್ತ ಬಿಳಿ ಕಲ್ಲು

ಮೊಮ್ಮಗಳು ಗುಲಾಬಿ ಗಿಡದ ಸುತ್ತ ಬಿಳಿ ಕಲ್ಲು ಜೋಡಿಸುತ್ತಿದ್ದಾಳೆ. ಒಂದು ಕಲ್ಲೂ ಸಾಲು ತಪ್ಪಿಲ್ಲ, ಆದರೂ ನನಗೆ ಅತ್ತ ನೋಡಲಾಗುತ್ತಿಲ್ಲ.

ನಾನು ಅವಳಷ್ಟಿದ್ದಾಗ ಬೆಟ್ಟದಪುರದ ಹತ್ತಿರ ನಮ್ಮ ಹೊಲವಿತ್ತು. ಒಂದು ದಿನ ಹೊಗೆಸೊಪ್ಪಿಗೆಂದು ಉಳುತ್ತಿದ್ದ ತಾತ ಎತ್ತು ನಿಲ್ಲಿಸಿ ನನ್ನನ್ನು ಕರೆದರು. ಹೆಂಟೆಗಳ ನಡುವೆ ಟಿಟ್ಟಿಭ ಹಕ್ಕಿಯ ನಾಲ್ಕು ಮೊಟ್ಟೆಗಳಿದ್ದವು. ಮಣ್ಣಿನದೇ ಬಣ್ಣ; ತಾತ ಬೆರಳು ತೋರಿಸಿದ ಮೇಲೂ ನನಗೆ ಕಾಣಲು ಹೊತ್ತು ಹಿಡಿಯಿತು. ಹಕ್ಕಿಗಳೆರಡೂ ತಲೆಯ ಮೇಲೆ ಅರಚುತ್ತಿದ್ದವು.

“ಮುಟ್ಬ್ಯಾಡ ಕಣವ್ವ. ಇಷ್ಟಗಲ ಬುಟ್ಟು ಉಳ್ತೀನಿ. ಮರಿಯಾಗಿ ಓಡೋಗ್ಲಿ.”

“ಯಾವತ್ತು ಓಡೋಗ್ತವೆ ತಾತ?”

“ಅದುಕ್ಕೇನು ಕ್ಯಾಲೆಂಡರ್ ಐತಾ?”

ತಾತ ಹೊಂಗೆ ಮರದಡಿ ಊಟಕ್ಕೆ ಕುಳಿತಾಗ ನಾನು ಮತ್ತೆ ಅಲ್ಲಿಗೆ ಹೋದೆ. ಮೊಟ್ಟೆ ಮುಟ್ಟಲಿಲ್ಲ. ಸುತ್ತಲಿನ ಹೆಂಟೆ, ಕೂಳೆ, ಒಣಸೊಪ್ಪನ್ನೆಲ್ಲ ಆರಿಸಿ, ನೆಲವನ್ನು ಮನೆಯಂಗಳದಂತೆ ಸವರಿದೆ. ಎತ್ತು ತುಳಿಯದಿರಲೆಂದು ಬಿಳಿ ಬೆಣಚುಕಲ್ಲುಗಳನ್ನು ದುಂಡಗೆ ಜೋಡಿಸಿದೆ. ಅವ್ವ ಕಲಿಸಿದ ಅಚ್ಚುಕಟ್ಟು. ಈಗ ಮೊಟ್ಟೆಗಳು ದೂರಕ್ಕೂ ಎದ್ದು ಕಾಣುತ್ತಿದ್ದವು.

ತಾತ ಎಲೆಅಡಿಕೆ ಹಾಕಿಕೊಂಡು ಏಳುವಷ್ಟರಲ್ಲಿ ಎರಡು ಕಾಗೆ ಇಳಿದಿದ್ದವು. ನಾವು ಓಡಿಹೋದಾಗ ಉಳಿದಿದ್ದು ಚಿಪ್ಪು ಮತ್ತು ಕಲ್ಲಿಗೆ ಅಂಟಿದ ಹಳದಿ ಲೋಳೆ.

ತಾತ ಕಲ್ಲಿನ ಸಾಲು ನೋಡಿದರು. ಮಣ್ಣಾಗಿದ್ದ ನನ್ನ ಕೈಗಳನ್ನೂ ನೋಡಿದರು.

“ಕಾಗೆ ಕಣ್ಣು ಬಲು ಚುರುಕು, ಬುಡು” ಎಂದರಷ್ಟೆ.

ಮತ್ತೆ ನೇಗಿಲು ಹಿಡಿದವರು ಆ ಜಾಗ ಬಂದಾಗ ಎತ್ತುಗಳನ್ನು ಪಕ್ಕಕ್ಕೆ ತಿರುಗಿಸಿದರು. ಪ್ರತಿ ಸುತ್ತಿನಲ್ಲೂ ತಿರುಗಿಸಿದರು. ನಾನು ಗುಡಿಸಿಟ್ಟ ಆ ಬರಿಯ ನೆಲದ ಮೇಲೆ ಟಿಟ್ಟಿಭಗಳು ಸಂಜೆಯವರೆಗೂ ಸುತ್ತುತ್ತಲೇ ಇದ್ದವು.